ಮರೆವಿಗಿಂತ ಮೊದಲು ಕೆಟ್ಟದ್ದು ನಡಿಗೆ: ಆಪರೇಶನ್‌ನಿಂದ ಸುಧಾರಿಸುವ ಡಿಮೆನ್ಷಿಯಾದ ಒಂದು ಪ್ರಕರಣ

ವಯಸ್ಸು 72. ಹೆಂಗಸು. ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ಕೈಯಲ್ಲಿದ್ದ ಚೀಟಿಯಲ್ಲಿ ‘ಆಲ್ಝೈಮರ್ಸ್’ ಎಂದು ಬರೆದಿತ್ತು. ಎಂಟು ತಿಂಗಳಿಂದ ಡೊನೆಪೆಜಿಲ್ ಮಾತ್ರೆ ನಡೆದಿತ್ತು. ಏನೂ ಗುಣ ಕಂಡಿರಲಿಲ್ಲ. “ನೆನಪಿಗೆ ಇದಕ್ಕಿಂತ ಜೋರಾದ ಮಾತ್ರೆ ಇದೆಯಾ ಡಾಕ್ಟ್ರೇ?” ಎಂದು ಕೇಳಿಕೊಂಡು ಗಂಡ ಕರೆತಂದಿದ್ದರು.

ಯಾರ ಗುರುತೂ ಸಿಗಬಾರದೆಂದು, ಈ ಕಾಯಿಲೆಯ ಹಲವರಲ್ಲಿ ಕಾಣುವ ಸಂಗತಿಗಳನ್ನು ಸೇರಿಸಿ ಒಬ್ಬರ ಕಥೆಯಾಗಿ ಬರೆದಿದ್ದೇನೆ. ಕಾಯಿಲೆ ಸಾಗುವ ದಾರಿ, ಪರೀಕ್ಷೆ, ಚಿಕಿತ್ಸೆ ಇರುವುದು ಹೀಗೆಯೇ.

ಬಂದಾಗಿನ ಸ್ಥಿತಿ

ಗಂಡ ಹೇಳಿದ್ದು ಇಷ್ಟು. ಒಂದು ವರ್ಷದಿಂದ ಮರೆವು ಜಾಸ್ತಿ. ಯಾವುದರಲ್ಲೂ ಆಸಕ್ತಿ ಇಲ್ಲ. ಟೀವಿ ಹಾಕಿದರೆ ನೋಡುತ್ತಾರೆ, ಆರಿಸಿದ ಮೇಲೂ ಅದೇ ಕಡೆ ನೋಡುತ್ತಾ ಕೂತಿರುತ್ತಾರೆ. ಮನೆಯ ಲೆಕ್ಕವನ್ನೆಲ್ಲ ತಾವೇ ಬರೆಯುತ್ತಿದ್ದವರು ಈಗ ಪುಸ್ತಕ ಮುಟ್ಟುವುದಿಲ್ಲ. “ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಇವಳಿಗೆ ಹತ್ತು ವರ್ಷ ತಡವಾಗಿ ಬಂತು ಅಂದುಕೊಂಡೆ” ಎಂದರು.

“ಅಮ್ಮ, ಇವತ್ತು ಯಾವ ವಾರ?” ಎಂದು ಕೇಳಿದೆ. ಗಂಡ ಥಟ್ಟನೆ “ಗುರುವಾರ” ಎಂದರು. ಅವರನ್ನು ಸುಮ್ಮನಿರಲು ಹೇಳಿ, ಯಾವ ತಿಂಗಳು ಎಂದು ಮತ್ತೆ ಕೇಳಿದೆ. ಅಮ್ಮ ನನ್ನನ್ನೇ ನೋಡುತ್ತಿದ್ದರು. ಹತ್ತು ಸೆಕೆಂಡು ಹೋಯಿತು, ಹದಿನೈದಾಯಿತು. ಆಮೇಲೆ ಸರಿಯಾದ ಉತ್ತರವೇ ಬಂತು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದಾಗಲೂ ಅಷ್ಟೇ. ತುಂಬಾ ನಿಧಾನ, ಆದರೆ 93, 86, 79 ಎಲ್ಲ ಸರಿ. ಐದು ಪದ ಹೇಳಿಕೊಟ್ಟು ಸ್ವಲ್ಪ ಹೊತ್ತಿನ ಮೇಲೆ ಕೇಳಿದರೆ ತಾವಾಗಿ ಒಂದನ್ನೇ ಹೇಳಿದರು. ಸುಳಿವು ಕೊಟ್ಟ ಮೇಲೆ ನಾಲ್ಕು ಬಂದವು. ನೆನಪು, ಯೋಚನೆ ಅಳೆಯುವ ಮೋಕಾ ಪರೀಕ್ಷೆಯಲ್ಲಿ 30ಕ್ಕೆ 15.

ಇದು ಆಲ್ಝೈಮರ್ಸ್‌ನ ಮಾಮೂಲಿ ಚಿತ್ರವಲ್ಲ. ಅಲ್ಲಿ ಹೊಸ ವಿಷಯ ತಲೆಯೊಳಗೆ ಸರಿಯಾಗಿ ಕೂರುವುದೇ ಇಲ್ಲ, ಸುಳಿವು ಕೊಟ್ಟರೂ ಹೆಚ್ಚು ಪ್ರಯೋಜನವಾಗುವುದಿಲ್ಲ. ಇಲ್ಲಿ ವಿಷಯ ಒಳಗಿದೆ, ಹೊರಗೆ ಬರಲು ತಡವಾಗುತ್ತಿದೆ. ಮನೆಯವರು ಪ್ರೀತಿಯಿಂದಲೇ ಅವರ ಪರವಾಗಿ ಉತ್ತರ ಹೇಳುತ್ತಾ ಬಂದಿದ್ದರಿಂದ ಈ ತಡ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಎಲ್ಲಕ್ಕಿಂತ ಮೊದಲು ಶುರುವಾದದ್ದು ಯಾವುದು?” ಎಂದು ಗಂಡನನ್ನು ಕೇಳಿದೆ. “ಮೊದಲು ಅಂದರೆ ಕಾಲು. ಆದರೆ ಅದು ಬೇರೆ ಡಾಕ್ಟ್ರೇ, ಮಂಡಿ ಸವೆದಿದೆ. ಮೂರು ವರ್ಷ ಆಯ್ತು.” ಮಂಡಿಯ ಎಕ್ಸ್‌ರೇ ತಂದಿದ್ದರು, ಮಂಡಿಯ ಮಾತ್ರೆಯೂ ಚೀಟಿಯಲ್ಲಿತ್ತು. ಅದರ ಕೆಳಗೆ ಆಕ್ಸಿಬ್ಯುಟಿನಿನ್ ಎಂಬ ಇನ್ನೊಂದು ಮಾತ್ರೆ. ಯಾಕೆ ಎಂದರೆ ಇಬ್ಬರೂ ಸುಮ್ಮನಾದರು. ಗಂಡನನ್ನು ಹೊರಗೆ ಕೂರಿಸಿ ನರ್ಸ್ ಕೇಳಿದಾಗ ವಿಷಯ ಬಂತು. ಮೂತ್ರ ಬರುವ ಹಾಗಾದರೆ ತಡೆಯಲು ಆಗುವುದಿಲ್ಲ, ಎದ್ದು ಹೋಗುವಷ್ಟರಲ್ಲಿ ಆಗಿಬಿಡುತ್ತದೆ. ಒಂದು ವರ್ಷದಿಂದ ಪ್ಯಾಡ್ ಹಾಕಿಕೊಳ್ಳುತ್ತಿದ್ದಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಡೊನೆಪೆಜಿಲ್ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಜಾಸ್ತಿ ಹೊತ್ತು ಉಳಿಯುವಂತೆ ಮಾಡುತ್ತದೆ. ಆಕ್ಸಿಬ್ಯುಟಿನಿನ್ ಅದೇ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತದೆ. ಒಂದು ಎಳೆದದ್ದನ್ನು ಇನ್ನೊಂದು ಬಿಡಿಸುತ್ತಿತ್ತು. ಸಾಲದ್ದಕ್ಕೆ ಡೊನೆಪೆಜಿಲ್‌ನಿಂದ ಕೆಲವರಿಗೆ ಮೂತ್ರದ ಅವಸರ ಹೆಚ್ಚಾಗುತ್ತದೆ, ಆಕ್ಸಿಬ್ಯುಟಿನಿನ್‌ನಿಂದ ವಯಸ್ಸಾದವರಿಗೆ ಮರೆವು ಹೆಚ್ಚಾಗುತ್ತದೆ. ಒಂದೊಂದು ತೊಂದರೆಗೆ ಒಂದೊಂದು ಕಡೆ ಹೋದರೆ ಚೀಟಿ ಹೀಗೇ ಬೆಳೆಯುವುದು. ಅಂದೇ ಆಕ್ಸಿಬ್ಯುಟಿನಿನ್ ನಿಲ್ಲಿಸಿದೆವು. ಮೂರು ವಾರದಲ್ಲಿ ಸ್ವಲ್ಪ ಚುರುಕಾದರು, ಅಷ್ಟೇ. ಕಾಲು ಹಾಗೇ ಇತ್ತು.

ನಡೆಸಿ ನೋಡಿದಾಗ

ಕುರ್ಚಿಯಿಂದ ಏಳಲು ಎರಡು ಬಾರಿ ಪ್ರಯತ್ನ ಬೇಕಾಯಿತು. ಎದ್ದ ಮೇಲೆ ಕಾಲು ಅಗಲಿಸಿ ನಿಂತರು. ಮೊದಲ ಹೆಜ್ಜೆ ಬರಲಿಲ್ಲ. ಪಾದ ನೆಲಕ್ಕೆ ಅಯಸ್ಕಾಂತದಿಂದ ಅಂಟಿದ ಹಾಗಿತ್ತು. ಶುರುವಾದ ಮೇಲೆ ಚಿಕ್ಕ ಚಿಕ್ಕ ಹೆಜ್ಜೆ, ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು. ಬಾಗಿಲ ಹೊಸ್ತಿಲ ಹತ್ತಿರ ಮತ್ತೆ ತಡೆದರು. ತಿರುಗಲು ಒಂಬತ್ತು ಹೆಜ್ಜೆ ಇಟ್ಟರು. ಆರೋಗ್ಯವಾಗಿರುವವರು ಎರಡು ಮೂರು ಹೆಜ್ಜೆಯಲ್ಲಿ ತಿರುಗಿಬಿಡುತ್ತಾರೆ.

ಪಾರ್ಕಿನ್ಸನ್ ಕಾಯಿಲೆ ಇರಬಹುದೇ? ಅನುಮಾನ ಸಹಜ. ಆದರೆ ಪಾರ್ಕಿನ್ಸನ್‌ನಲ್ಲಿ ಸಾಮಾನ್ಯವಾಗಿ ಪಾದಗಳ ನಡುವೆ ಅಂತರ ಕಡಿಮೆ ಇರುತ್ತದೆ, ಕೈ ಬೀಸುವುದು ಒಂದು ಕಡೆ ನಿಂತುಹೋಗಿರುತ್ತದೆ, ಕೈ ನಡುಗಬಹುದು. ಇವರ ಕೈಗಳು ಚೆನ್ನಾಗಿ ಬೀಸುತ್ತಿದ್ದವು. ತೊಂದರೆ ಇದ್ದದ್ದು ಸೊಂಟದ ಕೆಳಗೆ. ಮಲಗಿಸಿ, ಸೈಕಲ್ ತುಳಿಯುವ ಹಾಗೆ ಕಾಲು ಆಡಿಸಿ ಎಂದರೆ ಸಲೀಸಾಗಿ ಆಡಿಸಿದರು. ಮಂಡಿ ಕಾರಣವಾಗಿದ್ದರೆ ಹಾಗೆ ಆಡಿಸಲು ಆಗುತ್ತಿತ್ತೇ?

ನಡಿಗೆ, ಮೂತ್ರ, ಮಂದಗತಿಯ ಯೋಚನೆ. ಮೂರೂ ಸೇರಿದಾಗ ನೆನಪಿಗೆ ಬರಬೇಕಾದದ್ದು ನಾರ್ಮಲ್ ಪ್ರೆಶರ್ ಹೈಡ್ರೋಕೆಫಲಸ್, ಚಿಕ್ಕದಾಗಿ ಎನ್‌ಪಿಎಚ್. ಮಿದುಳಿನ ಒಳಗಿನ ಕೋಣೆಗಳಲ್ಲಿ ದ್ರವ ಹೆಚ್ಚಾಗಿ ಅವು ಹಿಗ್ಗುತ್ತವೆ, ಆದರೆ ಬೆನ್ನಿನಲ್ಲಿ ಸೂಜಿ ಹಾಕಿ ಅಳೆದರೆ ಒತ್ತಡ ಮಾಮೂಲಿಯಾಗಿರುತ್ತದೆ. ಕೊಲಂಬಿಯಾದ ನ್ಯೂರೋಸರ್ಜನ್ ಸಾಲೊಮೋನ್ ಹಕೀಮ್ ಇದನ್ನು ಗುರುತಿಸಿದರು. 1965ರಲ್ಲಿ ಅವರು, ನ್ಯೂರಾಲಜಿಸ್ಟ್ ರೇಮಂಡ್ ಆಡಮ್ಸ್ ಮತ್ತು ಜೊತೆಗಾರರು ಬರೆದ ಲೇಖನದ ನಂತರ ಜಗತ್ತು ಇದನ್ನು ಗಂಭೀರವಾಗಿ ತೆಗೆದುಕೊಂಡಿತು.

ನಮ್ಮ ಮಿದುಳು ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಉತ್ಪಾದಿಸುತ್ತದೆ. ಯಾವುದೇ ಕ್ಷಣದಲ್ಲಿ ಒಳಗಿರುವುದು 150 ಮಿಲಿಯಷ್ಟು ಮಾತ್ರ. ಅಂದರೆ ದಿನಕ್ಕೆ ಮೂರು ನಾಲ್ಕು ಬಾರಿ ಪೂರ್ತಿ ಬದಲಾಗುತ್ತದೆ. ಹೀರಿಕೊಳ್ಳುವ ಕಡೆ ಸ್ವಲ್ಪ ಹಿನ್ನಡೆಯಾದರೂ ಕೋಣೆಗಳು ನಿಧಾನಕ್ಕೆ ಹಿಗ್ಗುತ್ತಾ ಹೋಗಬಹುದು. ಕಾಲಿಗೆ ಮತ್ತು ಮೂತ್ರಕೋಶಕ್ಕೆ ಹೋಗುವ ನರತಂತುಗಳು ಈ ಕೋಣೆಗಳ ಪಕ್ಕದಲ್ಲೇ ಸಾಗುತ್ತವೆ, ಹಿಗ್ಗಿದಾಗ ಮೊದಲು ಎಳೆತ ಬೀಳುವುದು ಅವಕ್ಕೆ ಎನ್ನುವುದು ಹಳೆಯ ವಿವರಣೆ. ಪೂರ್ತಿ ಕಾರಣ ಅಷ್ಟು ಸರಳವಲ್ಲ.

ಸ್ಕ್ಯಾನ್, ಮತ್ತು ಬೇರೆ ಅನುಮಾನಗಳು

ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ ಎಲ್ಲ ಸರಿ ಇದ್ದವು. ಕ್ಯಾಲ್ಸಿಯಂ ಕೂಡ ನೋಡಿದೆವು. ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿ ಕ್ಯಾಲ್ಸಿಯಂ ಏರಿದರೂ ಮಂಕು ಕವಿಯುತ್ತದೆ, ಆಗ ಆ ಗ್ರಂಥಿ ತೆಗೆಯುವುದೇ ಚಿಕಿತ್ಸೆ.

ಮರೆವಿನ ದೂರಿಗೆ ಒಮ್ಮೆಯಾದರೂ ತಲೆಯ ಸ್ಕ್ಯಾನ್ ಆಗಬೇಕು ಎನ್ನುವುದು ಇದಕ್ಕೇ. ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ಕೂಡಿಕೊಂಡ ರಕ್ತ ಇರಬಹುದು, ಅಂದರೆ ಕ್ರಾನಿಕ್ ಸಬ್‌ಡ್ಯೂರಲ್. ವಯಸ್ಸಾದವರು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ತಲೆಗೆ ಸಣ್ಣ ಪೆಟ್ಟು ಬಿದ್ದು ಅದನ್ನು ಮರೆತೇಬಿಟ್ಟಿರುತ್ತಾರೆ. ವಾರಗಳ ಮೇಲೆ ಗೊಂದಲ ಶುರುವಾಗುತ್ತದೆ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ರಕ್ತ ಹೊರಗೆ ಬಿಟ್ಟರೆ ಕೆಲವರು ದಿನಗಳಲ್ಲೇ ಮೊದಲಿನಂತಾಗುತ್ತಾರೆ. ಆ ಜಾಗದಲ್ಲಿ ಒಂದೆರಡು ದಿನ ಕೊಳವೆ ಬಿಟ್ಟರೆ ರಕ್ತ ಮತ್ತೆ ಕೂಡಿಕೊಳ್ಳುವುದು ಶೇಕಡ 24ರಿಂದ 9ಕ್ಕೆ ಇಳಿಯಿತು ಎಂದು 2009ರ ಒಂದು ಪ್ರಯೋಗ ತೋರಿಸಿತು. ನನ್ನ ಪ್ರಕಾರ ಇಡೀ ಡಿಮೆನ್ಷಿಯಾ ಪಟ್ಟಿಯಲ್ಲಿ ಆಪರೇಶನ್‌ಗೆ ಇಷ್ಟು ಚೆನ್ನಾಗಿ ಸ್ಪಂದಿಸುವುದು ಇನ್ನೊಂದಿಲ್ಲ. ಮುಂಭಾಗದಲ್ಲಿ ಬೆಳೆಯುವ ಮೆನಿಂಜಿಯೋಮಾ ಗಡ್ಡೆಯೂ ಹೀಗೆ ಮೋಸ ಮಾಡುತ್ತದೆ. ವರ್ಷಗಟ್ಟಲೆ ನಿರಾಸಕ್ತಿ, ಸ್ವಭಾವದ ಬದಲಾವಣೆ ಬಿಟ್ಟು ಬೇರೇನೂ ತೋರಿಸದೆ ದೊಡ್ಡದಾಗಬಹುದು.

ಅಮ್ಮನ ಎಂಆರ್‌ಐನಲ್ಲಿ ರಕ್ತವೂ ಇಲ್ಲ, ಗಡ್ಡೆಯೂ ಇಲ್ಲ. ಕೋಣೆಗಳು ಹಿಗ್ಗಿದ್ದವು. ವಯಸ್ಸಾದಂತೆ ಮಿದುಳು ಕುಗ್ಗಿದಾಗಲೂ ಕೋಣೆಗಳು ದೊಡ್ಡದಾಗಿ ಕಾಣುತ್ತವೆ, ಆದ್ದರಿಂದ ಅಷ್ಟಕ್ಕೇ ತೀರ್ಮಾನಕ್ಕೆ ಬರುವಂತಿಲ್ಲ. ಇವಾನ್ಸ್ ಇಂಡೆಕ್ಸ್ ಎಂಬ ಅಳತೆ 0.38 ಬಂತು, 0.3 ದಾಟಿದರೆ ಹಿಗ್ಗಿದೆ ಎಂದರ್ಥ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ನೆತ್ತಿಯ ಭಾಗ. ಮಿದುಳು ಸುಮ್ನೆ ಕುಗ್ಗಿದ್ದರೆ ಅಲ್ಲಿನ ಮಡಿಕೆಗಳ ನಡುವೆ ಸಂದು ಅಗಲವಾಗಿರಬೇಕಿತ್ತು. ಇಲ್ಲಿ ನೆತ್ತಿಯಲ್ಲಿ ಮಡಿಕೆಗಳು ಒತ್ತೊತ್ತಾಗಿದ್ದವು, ಪಕ್ಕದ ಸಿಲ್ವಿಯನ್ ಸಂದು ಮಾತ್ರ ಅಗಲವಾಗಿತ್ತು. ಎರಡು ಕೋಣೆಗಳ ನಡುವಿನ ಕ್ಯಾಲೋಸಲ್ ಕೋನ 68 ಡಿಗ್ರಿ. ಎನ್‌ಪಿಎಚ್‌ನಲ್ಲಿ ಇದು ಸಾಮಾನ್ಯವಾಗಿ 90ಕ್ಕಿಂತ ಕಡಿಮೆ. ಹಳೆಯ ರಿಪೋರ್ಟಿನಲ್ಲಿ ‘ವಯಸ್ಸಿಗೆ ತಕ್ಕ ಕುಗ್ಗುವಿಕೆ’ ಎಂದಿತ್ತು. ಚೀಟಿಯಲ್ಲಿ ‘ಮರೆವು’ ಎಂದಷ್ಟೇ ಬರೆದು ಕಳಿಸಿದ್ದರು, ಕಾಲಿನ ವಿಷಯ ಸ್ಕ್ಯಾನ್ ಓದುವವರಿಗೆ ಯಾರು ಹೇಳಿದ್ದರು?

ಬೆನ್ನಿನ ನೀರು ತೆಗೆದು ನೋಡುವುದು

ಎನ್‌ಪಿಎಚ್‌ಗೆ ಆಪರೇಶನ್ ಎಂದರೆ ಶಂಟ್, ಅಂದರೆ ಹೆಚ್ಚಾದ ದ್ರವವನ್ನು ಬೇರೆಡೆಗೆ ಹರಿಸುವ ಕೊಳವೆ ಹಾಕುವುದು. ಅದಕ್ಕೆ ಮೊದಲು ಅದರ ಫಲವನ್ನು ಸ್ವಲ್ಪ ಹೊತ್ತಿಗೆ ನಕಲು ಮಾಡಿ ನೋಡಬಹುದು. ಅದೇ ಟ್ಯಾಪ್ ಟೆಸ್ಟ್. ಬೆನ್ನಿನ ಕೆಳಭಾಗದಿಂದ 30ರಿಂದ 50 ಮಿಲಿ ದ್ರವ ತೆಗೆದು, ಮೊದಲು ಮತ್ತು ಆಮೇಲೆ ನಡಿಗೆ ಅಳೆಯುತ್ತಾರೆ. ಅಳೆಯುತ್ತಾರೆ ಎಂಬುದನ್ನು ಒತ್ತಿ ಹೇಳುತ್ತೇನೆ. “ಹೇಗಿದೆ?” ಎಂದು ಕೇಳಿದರೆ ಆಸೆ ಇಟ್ಟುಕೊಂಡ ಮನೆಯವರು “ಪರವಾಗಿಲ್ಲ ಅನ್ಸುತ್ತೆ” ಎನ್ನುತ್ತಾರೆ. ಗಡಿಯಾರಕ್ಕೆ ಆಸೆ ಇಲ್ಲ.

ಫಿಸಿಯೋಥೆರಪಿಸ್ಟ್ ಕಾರಿಡಾರ್‌ನಲ್ಲಿ ಟೇಪು ಅಂಟಿಸಿ 10 ಮೀಟರ್ ಗುರುತು ಮಾಡಿದರು. ಮೊದಲು: 24 ಸೆಕೆಂಡು, 38 ಹೆಜ್ಜೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ಹೋಗಿ ಬಂದು ಕೂರಲು 29 ಸೆಕೆಂಡು. ಎಲ್ಲವನ್ನೂ ವಿಡಿಯೋ ಮಾಡಿಕೊಂಡರು. ಸೂಜಿ ಹಾಕಿದಾಗ ಒತ್ತಡ 14 ಸೆಂಟಿಮೀಟರ್ ನೀರಿನಷ್ಟಿತ್ತು, ಮಾಮೂಲಿಯೇ. 40 ಮಿಲಿ ತೆಗೆದೆವು. ಮೂರು ಗಂಟೆಯ ನಂತರ ಅದೇ ಕಾರಿಡಾರ್, ಅದೇ ಚಪ್ಪಲಿ: 17 ಸೆಕೆಂಡು, 28 ಹೆಜ್ಜೆ. ಹೋಗಿ ಬಂದು ಕೂರಲು 20 ಸೆಕೆಂಡು. ತಿರುಗಲು ಐದೇ ಹೆಜ್ಜೆ. ನೆನಪಿನ ಪರೀಕ್ಷೆಯಲ್ಲಿ ಬದಲಾವಣೆ ಇರಲಿಲ್ಲ, ನಾವು ನಿರೀಕ್ಷಿಸಿಯೂ ಇರಲಿಲ್ಲ.

ನಡಿಗೆ ಸುಧಾರಿಸಿದರೆ ಶಂಟ್ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ ಎಂದರ್ಥ. ಸುಧಾರಿಸದಿದ್ದರೆ ಬಾಗಿಲು ಮುಚ್ಚಿತು ಎಂದಲ್ಲ. ಆಪರೇಶನ್‌ನಿಂದ ಗುಣವಾಗುವ ಎಷ್ಟೋ ಜನರಲ್ಲಿ ಈ ಒಂದು ಬಾರಿಯ ಪರೀಕ್ಷೆ ಏನನ್ನೂ ತೋರಿಸುವುದಿಲ್ಲ. ಅಂಥವರಿಗೆ ಆಸ್ಪತ್ರೆಯಲ್ಲಿಟ್ಟು, ಬೆನ್ನಿನಲ್ಲಿ ಸಣ್ಣ ಕೊಳವೆ ಬಿಟ್ಟು, ಎರಡು ಮೂರು ದಿನ ನಿಧಾನವಾಗಿ ದ್ರವ ಹರಿಸಿ ನೋಡುತ್ತಾರೆ.

ತೆಗೆದ ದ್ರವದಲ್ಲೇ ಆಲ್ಝೈಮರ್ಸ್ ಗುರುತುಗಳನ್ನೂ ನೋಡಿದೆವು. ಅಮೈಲಾಯ್ಡ್ ಎಂಬ ಪ್ರೋಟೀನ್ ಕಡಿಮೆ, ಟೌ ಎಂಬ ಪ್ರೋಟೀನ್ ಹೆಚ್ಚಿಲ್ಲ. ಇದು ತಲೆ ಕೆಡಿಸುವ ಫಲಿತಾಂಶ. ಅಮೈಲಾಯ್ಡ್ ಕಡಿಮೆಯಾದರೆ ಆಲ್ಝೈಮರ್ಸ್ ಅನುಮಾನ ಬರುತ್ತದೆ. ಆದರೆ ಎನ್‌ಪಿಎಚ್‌ನಲ್ಲಿ ಆಲ್ಝೈಮರ್ಸ್ ಇಲ್ಲದೆಯೂ ಈ ಪ್ರೋಟೀನುಗಳ ಮಟ್ಟ ಇಳಿಯುತ್ತದೆ. ಎರಡೂ ಒಟ್ಟಿಗೆ ಇರುವವರು ಕಡಿಮೆಯೇನಲ್ಲ.

ಆಪರೇಶನ್ ಮಾಡಬೇಕೋ ಬೇಡವೋ

ನ್ಯೂರೋಸರ್ಜನ್ ಜೊತೆ ದಂಪತಿ ಕೂತಾಗ ಗಂಡನ ಮೊದಲ ಪ್ರಶ್ನೆ: “ಇವಳು ಮೊದಲಿನ ಹಾಗೆ ಆಗ್ತಾಳಾ?” ಸರ್ಜನ್ ಹೇಳಿದರು, “ನಡಿಗೆಗೆ ಆಪರೇಶನ್ ಮಾಡೋಣ. ಮೂತ್ರ ಸುಧಾರಿಸಬಹುದು. ನೆನಪಿಗೆ ಅಂತ ಮಾಡಿಸಬೇಡಿ, ಬಂದರೆ ಲಾಭ ಅಂದುಕೊಳ್ಳಿ.”

ಈ ಮಾತಿಗೆ ಆಧಾರ ಇದೆ. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 99 ಜನರಿಗೂ ಶಂಟ್ ಹಾಕಿದರು. ಅರ್ಧ ಜನರಲ್ಲಿ ಕೊಳವೆಯ ಹರಿವನ್ನು ನಿಯಂತ್ರಿಸುವ ವಾಲ್ವ್ ತೆರೆದಿಟ್ಟು, ಉಳಿದವರದನ್ನು ದ್ರವ ಹರಿಯದ ಹಾಗೆ ಇಟ್ಟರು. ಯಾರದ್ದು ಯಾವುದು ಎಂದು ರೋಗಿಗಳಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ಮೂರು ತಿಂಗಳಲ್ಲಿ ವಾಲ್ವ್ ತೆರೆದಿದ್ದವರ ನಡಿಗೆಯ ವೇಗ ಸೆಕೆಂಡಿಗೆ 0.23 ಮೀಟರ್ ಏರಿತು, ಇನ್ನೊಂದು ಗುಂಪಿನದು 0.03. ಬೀಳುವುದೂ ಕಡಿಮೆಯಾಯಿತು. ನೆನಪಿನ ಅಂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮಿದುಳಿನ ಹೊದಿಕೆಯ ಕೆಳಗೆ ರಕ್ತ ಸೇರುವುದು ವಾಲ್ವ್ ತೆರೆದಿದ್ದವರಲ್ಲಿ ಶೇಕಡ 12, ಇನ್ನೊಂದು ಗುಂಪಿನಲ್ಲಿ 2. ಲಾಭ ನಿಜ, ಬೆಲೆಯೂ ನಿಜ.

‘ಗುಣವಾಗುವ ಡಿಮೆನ್ಷಿಯಾ’ ಎಂಬ ಮಾತನ್ನು ಸಲೀಸಾಗಿ ಬಳಸುವವರಿಗೆ ಇನ್ನೊಂದು ಲೆಕ್ಕ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2003ರ ವಿಮರ್ಶೆಯ ಪ್ರಕಾರ, ಸರಿಪಡಿಸಬಹುದಾದ ಕಾರಣ ಸಿಕ್ಕಿದ್ದು ಶೇಕಡ 9 ಜನರಲ್ಲಿ. ನಿಜಕ್ಕೂ ಪೂರ್ತಿಯೋ ಭಾಗಶಃವೋ ಸರಿಹೋದದ್ದು ಶೇಕಡ 0.6ರಲ್ಲಿ ಮಾತ್ರ. ಹಾಗೆಂದು ಹುಡುಕುವುದನ್ನು ಬಿಡಬೇಕೇ? ಇಲ್ಲ. ಡಿಮೆನ್ಷಿಯಾ ಹೋಗದಿದ್ದರೂ, ಬೀಳದೆ ಬಚ್ಚಲಿಗೆ ಹೋಗಿ ಬರುವುದು ಸಣ್ಣ ಮಾತಲ್ಲ ಅಲ್ವಾ?

ಆಯ್ಕೆಗಳು ಮೂರು ನಾಲ್ಕಿದ್ದವು. ಮಿದುಳಿನ ಕೋಣೆಯಿಂದ ಹೊಟ್ಟೆಗೆ ಕೊಳವೆ ಹಾಕುವ ವಿಪಿ ಶಂಟ್ ಹೆಚ್ಚು ಬಳಕೆಯಲ್ಲಿದೆ. ಹೊಟ್ಟೆಯಲ್ಲಿ ಹಿಂದೆ ದೊಡ್ಡ ಆಪರೇಶನ್‌ಗಳಾಗಿ ಒಳಗೆಲ್ಲ ಅಂಟಿಕೊಂಡಿದ್ದರೆ ಕೊಳವೆಯನ್ನು ಹೃದಯದ ಮೇಲ್ಕೋಣೆಗೆ ಬಿಡುತ್ತಾರೆ. ತಲೆಯನ್ನು ಮುಟ್ಟದೆ ಬೆನ್ನಿನಿಂದ ಹೊಟ್ಟೆಗೆ ಹಾಕುವ ಎಲ್‌ಪಿ ಶಂಟ್ ಜಪಾನಿನಲ್ಲಿ ಚೆನ್ನಾಗಿ ಬಳಕೆಯಲ್ಲಿದೆ, ಅಲ್ಲಿನ 2015ರ ಪ್ರಯೋಗವೂ ಒಳ್ಳೆಯ ಫಲ ತೋರಿಸಿತು. ಆದರೆ ಸೊಂಟದ ಭಾಗದ ಬೆನ್ನುಮೂಳೆ ಸವೆದು ನರದ ದಾರಿ ಕಿರಿದಾಗಿದ್ದರೆ ಅದು ಕಷ್ಟ, ಇವರಿಗೆ ಹಾಗೇ ಆಗಿತ್ತು. ಎಂಡೋಸ್ಕೋಪ್‌ನಲ್ಲಿ ಮೂರನೇ ಕೋಣೆಯ ತಳಕ್ಕೆ ರಂಧ್ರ ಮಾಡುವ ವಿಧಾನ, ದ್ರವದ ದಾರಿಗೆ ಎಲ್ಲೋ ಅಡ್ಡ ಬಿದ್ದವರಿಗೆ ಒಳ್ಳೆಯದು. ಎನ್‌ಪಿಎಚ್‌ನಲ್ಲಿ ಶಂಟಿನಷ್ಟು ಫಲ ಕೊಡುವುದಿಲ್ಲ. ಹಾಗಾಗಿ ವಿಪಿ ಶಂಟ್, ಹೊರಗಿನಿಂದಲೇ ಒತ್ತಡ ಬದಲಿಸಬಹುದಾದ ವಾಲ್ವ್ ಜೊತೆ.

ಅಮ್ಮನ ಒಪ್ಪಿಗೆಯನ್ನೂ ಕೇಳಬೇಕಿತ್ತು. ಎಲ್ಲ ವಿವರಿಸಿ, ಕಾದು ಕೂತೆವು. ಈ ಬಾರಿ ಗಂಡ ಬಾಯಿ ಹಾಕಲಿಲ್ಲ. “ಒದ್ದೆ ಆಗೋದು ನಿಲ್ಲುತ್ತೆ ಅಂದರೆ ಮಾಡಿ” ಎಂದು ಅಮ್ಮನೇ ಹೇಳಿದರು.

ಆಪರೇಶನ್ ಮತ್ತು ಮೂರನೇ ವಾರ

ಆಪರೇಶನ್ ಒಂದು ಗಂಟೆಯ ಆಸುಪಾಸಿನದು, ಪೂರ್ತಿ ಅರಿವಳಿಕೆಯಲ್ಲಿ. ಬಲಗಡೆ ತಲೆಬುರುಡೆಯಲ್ಲಿ ಸಣ್ಣ ರಂಧ್ರ, ಅಲ್ಲಿಂದ ಕೋಣೆಯೊಳಗೆ ತೆಳ್ಳನೆಯ ಕೊಳವೆ. ಕಿವಿಯ ಹಿಂದೆ ಚರ್ಮದಡಿ ವಾಲ್ವ್. ಅಲ್ಲಿಂದ ಕುತ್ತಿಗೆ, ಎದೆಯ ಚರ್ಮದಡಿಯಲ್ಲೇ ಇಳಿದು ಹೊಟ್ಟೆಯೊಳಗೆ. ಅಲ್ಲಿ ಹರಿದ ದ್ರವವನ್ನು ದೇಹ ಹೀರಿಕೊಳ್ಳುತ್ತದೆ. ವಾಲ್ವಿನ ಒತ್ತಡವನ್ನು 14 ಸೆಂಟಿಮೀಟರ್ ನೀರಿನಷ್ಟಕ್ಕೆ ಇಟ್ಟರು; ಈ ಸಂಖ್ಯೆ ಏರಿಸಿದರೆ ಹರಿವು ಕಡಿಮೆಯಾಗುತ್ತದೆ. ನಾಲ್ಕನೇ ದಿನ ಮನೆಗೆ ಹೋದರು.

ಎರಡು ವಾರ ಎಲ್ಲ ಚೆನ್ನಾಗಿತ್ತು. ಮೂರನೇ ವಾರ ತಲೆನೋವು ಶುರುವಾಯಿತು. ಎದ್ದು ಕೂತರೆ ಜೋರು, ಮಲಗಿದರೆ ಹತ್ತು ನಿಮಿಷದಲ್ಲಿ ಮಾಯ. ಈ ಲಕ್ಷಣವನ್ನು ಮನೆಯವರಿಗೆ ಮೊದಲೇ ಹೇಳಿದ್ದೆವು, ತಡ ಮಾಡದೆ ಬಂದರು. ಸಿಟಿ ಸ್ಕ್ಯಾನ್‌ನಲ್ಲಿ ಮಿದುಳಿನ ಎರಡೂ ಬದಿ 6 ಮಿಲಿಮೀಟರ್ ದಪ್ಪದ ದ್ರವದ ಪದರ. ದ್ರವ ಬೇಕಾದ್ದಕ್ಕಿಂತ ಜಾಸ್ತಿ ಹರಿಯುತ್ತಿತ್ತು. ಇದನ್ನು ಬಿಟ್ಟರೆ ಅಲ್ಲೇ ರಕ್ತ ಸೇರಿಕೊಳ್ಳಬಹುದು.

ಮತ್ತೆ ಆಪರೇಶನ್ ಬೇಕಾಗಲಿಲ್ಲ. ಕಿವಿಯ ಹಿಂದೆ ಅಯಸ್ಕಾಂತದ ಸಾಧನ ಇಟ್ಟು ವಾಲ್ವನ್ನು 18ಕ್ಕೆ ಏರಿಸಿದರು. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ತಲೆನೋವು ಹೋಯಿತು, ಆರು ವಾರದಲ್ಲಿ ಪದರವೂ ಕರಗಿತು. ಆದರೆ ನಡಿಗೆ ಮತ್ತೆ ಸ್ವಲ್ಪ ಜಗ್ಗಿತು. ಆಮೇಲೆ 16ಕ್ಕೆ ಇಳಿಸಿ, ಅಲ್ಲಿ ಹದ ಸಿಕ್ಕಿತು. ಹೊಂದಿಸಲು ಬಾರದ ಹಳೆಯ ವಾಲ್ವ್ ಆಗಿದ್ದರೆ ಇದೇ ತೊಂದರೆಗೆ ಮತ್ತೆ ಚರ್ಮ ಕೊಯ್ಯಬೇಕಾಗುತ್ತಿತ್ತು.

ಏನು ಬಂತು, ಏನು ಬರಲಿಲ್ಲ

ಆರು ತಿಂಗಳಿಗೆ 10 ಮೀಟರ್ ನಡೆಯಲು 12 ಸೆಕೆಂಡು. ಹೊಸ್ತಿಲಲ್ಲಿ ತಡೆಯುವುದಿಲ್ಲ. ಹಗಲಲ್ಲಿ ಪ್ಯಾಡ್ ಬೇಡ, ರಾತ್ರಿ ಇನ್ನೂ ಬೇಕು. ಮೋಕಾ 18. ಉತ್ತರ ಬೇಗ ಬರುತ್ತದೆ, ಗಂಡನ ಮಾತಿಗೆ ಅಡ್ಡ ಮಾತಾಡುತ್ತಾರೆ. ಗಂಡ ಅದನ್ನು ದೂರಿನ ಧಾಟಿಯಲ್ಲಿ ಹೇಳಿದರೂ ಖುಷಿ ಕಾಣುತ್ತಿತ್ತು. ಲೆಕ್ಕದ ಪುಸ್ತಕ ಮಾತ್ರ ಮತ್ತೆ ಅಮ್ಮನ ಕೈಗೆ ಬರಲಿಲ್ಲ. ಕೂಡಿ ಕಳೆಯುತ್ತಾರೆ, ಆದರೆ ಯಾರಿಗೆ ಕೊಟ್ಟದ್ದು, ಯಾಕೆ ಕೊಟ್ಟದ್ದು ಎನ್ನುವುದು ನಿಲ್ಲುವುದಿಲ್ಲ. ಡೊನೆಪೆಜಿಲ್‌ನಿಂದ ಲಾಭ ಕಾಣದ್ದರಿಂದ ಹಂತಹಂತವಾಗಿ ನಿಲ್ಲಿಸಿದೆವು.

ಎರಡನೇ ವರ್ಷದ ಭೇಟಿಯಲ್ಲಿ ನಡಿಗೆ 13 ಸೆಕೆಂಡು, ಹೆಚ್ಚುಕಮ್ಮಿ ಹಾಗೇ ಇದೆ. ಮೋಕಾ 15ಕ್ಕೆ ಇಳಿದಿದೆ. ಈಗ ಸುಳಿವು ಕೊಟ್ಟರೂ ಪದಗಳು ಬರುತ್ತಿಲ್ಲ. ಕಾಲು ಗಟ್ಟಿಯಾಗಿ ನಿಂತು ನೆನಪು ಮಾತ್ರ ಜಾರಿದರೆ ಶಂಟಿಗಿಂತ ಆಲ್ಝೈಮರ್ಸ್ ಮೇಲೆ ಅನುಮಾನ ಹೋಗುತ್ತದೆ. ದ್ರವದಲ್ಲಿ ಕಂಡ ಕಡಿಮೆ ಅಮೈಲಾಯ್ಡ್ ಇದನ್ನೇ ಹೇಳುತ್ತಿದ್ದಿರಬಹುದು. ವಾಲ್ವನ್ನು ಮುಟ್ಟಲಿಲ್ಲ. ಡೊನೆಪೆಜಿಲ್ ಮತ್ತೆ ಶುರು ಮಾಡಿ ನೋಡುತ್ತಿದ್ದೇವೆ, ಈ ಬಾರಿ ಅದಕ್ಕೆ ಎದುರಾಗಿ ಕೆಲಸ ಮಾಡುವ ಮಾತ್ರೆ ಜೊತೆಗಿಲ್ಲ.

ಉಲ್ಟಾ ಆಗಿ ನಡಿಗೆ ಮತ್ತೆ ಕೆಟ್ಟರೆ ದಾರಿ ಬೇರೆ. ಆಗ ‘ಕಾಯಿಲೆ ಮುಂದುವರಿಯಿತು’ ಎಂದು ಕೈಚೆಲ್ಲುವ ಮೊದಲು ಶಂಟನ್ನು ಪರೀಕ್ಷಿಸಬೇಕು. ಕೊಳವೆ ಎಲ್ಲಾದರೂ ತುಂಡಾಗಿದೆಯೇ, ವಾಲ್ವಿನ ಸಂಖ್ಯೆ ಬದಲಾಗಿದೆಯೇ ಎಂದು ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಕೋಣೆ ಮತ್ತೆ ಹಿಗ್ಗಿದೆಯೇ ಎಂದು ಸಿಟಿ ಹೇಳುತ್ತದೆ. ಕೊಳವೆ ಕಟ್ಟಿಕೊಂಡಿದ್ದರೆ ಬದಲಾಯಿಸಿದ ಮೇಲೆ ನಡಿಗೆ ಮರಳಿ ಬರುವುದುಂಟು. ಜ್ವರ, ಹೊಟ್ಟೆನೋವು, ಕೊಳವೆಯ ಗುಂಟ ಕೆಂಪಾಗುವುದು ಕಂಡರೆ ಸೋಂಕಿರಬಹುದು, ಕಾಯುವಂತಿಲ್ಲ. ವಾಲ್ವಿನ ಹೆಸರು ಮತ್ತು ಸಂಖ್ಯೆ ಬರೆದ ಕಾರ್ಡನ್ನು ಗಂಡ ಜೇಬಿನಲ್ಲೇ ಇಟ್ಟುಕೊಂಡಿದ್ದಾರೆ. ಕೆಲವು ವಾಲ್ವುಗಳ ಹೊಂದಿಕೆ ಎಂಆರ್‌ಐ ಯಂತ್ರದ ಅಯಸ್ಕಾಂತಕ್ಕೆ ಬದಲಾಗುತ್ತದೆ. ಆದ್ದರಿಂದ ಯಾವ ಕಾರಣಕ್ಕೆ ಎಂಆರ್‌ಐ ಮಾಡಿಸಿದರೂ ಮೊದಲು ಆ ಕಾರ್ಡ್ ತೋರಿಸಬೇಕು, ಮುಗಿದ ಮೇಲೆ ಅದೇ ದಿನ ವಾಲ್ವ್ ಪರೀಕ್ಷೆ ಮಾಡಿಸಬೇಕು.